ಜಂಗ ಹಿಡಿದ ಬೋಲ್ಟು, ಉಸ್ತಾದರ ಕೈ

ಕಾರು ಜಾಕಿನ ಮೇಲೇರಿ ಕಾಲು ಗಂಟೆಯಾಗಿತ್ತು. ಉಸ್ತಾದರು ಬೋಲ್ಟು ಬಿಚ್ಚುವ ಪಾನಾವನ್ನು ಇನ್ನೂ ಮುಟ್ಟಿರಲಿಲ್ಲ. ಹಿಂದಿನ ಗಾಲಿ ಕಳಚಿ, ಶಾಕಪ್ಪಿನ ಕೆಳಗಿನ ಬೋಲ್ಟಿಗೆ ಬ್ಯಾಟರಿ ಬೆಳಕು ಹಿಡಿದು, ತಂತಿ ಬ್ರಷ್ಷಿನಿಂದ ಕೆಮ್ಮಣ್ಣು ಉಜ್ಜುತ್ತಿದ್ದರು. ಥ್ರೆಡ್ಡಿನ ಸಾಲು ಕಣ್ಣಿಗೆ ಬೀಳುವ ತನಕ ಉಜ್ಜಿದರು. ಆಮೇಲೆ ಬಂದದ್ದು ಬೆಳಗಾವಿಯ ಗ್ಯಾರೇಜುಗಳಲ್ಲಿ ದಿನವೂ ಕೇಳುವ ಮಾತು: ‘ಜಾಮ್ ಆಗೇತ್ರಿ.’

ಶಾಕಪ್ ಎಂದು ಇಲ್ಲಿನವರು ಕರೆಯುವ ಶಾಕ್ ಅಬ್ಸಾರ್ಬರ್ ಎಣ್ಣೆ ತುಂಬಿದ ಒಂದು ಕೊಳವೆ. ಒಳಗಿನ ಪಿಸ್ಟನ್ ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ದೂಡುತ್ತದೆ. ಆ ತಡೆಯಿಂದಲೇ ಸ್ಪ್ರಿಂಗಿನ ಕುಣಿತ ನಿಲ್ಲುತ್ತದೆ. ಹೊಸದನ್ನು ಕೂಡಿಸುವುದು ಅರ್ಧ ತಾಸಿನ ಕೆಲಸ. ಹಳೆಯದು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಯಾವ ಮಿಸ್ತ್ರಿಯೂ ಮಾತು ಕೊಡುವುದಿಲ್ಲ, ಖಾನಾಪುರ ಕಡೆಯ ಗಾಡಿಯಾದರಂತೂ ಇಲ್ಲವೇ ಇಲ್ಲ.

ಅದಕ್ಕೆ ಕಾರಣ ನೆಲ ಮತ್ತು ಮಳೆ. ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರ ದಾಟಿದರೆ ಲೋಂಡಾ, ಅನಮೋಡದ ಕಾಡು. ಇನ್ನೊಂದು ದಾರಿ ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟಿಗೆ ಇಳಿಯುತ್ತದೆ. ಮಲಪ್ರಭೆ ಹುಟ್ಟುವುದು ಆ ಕಣಕುಂಬಿಯಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗಾಡಿಯ ಹೊಟ್ಟೆ ಒಣಗುವುದಿಲ್ಲ. ಚಾಸಿಯ ಸಂದಿಗಳಲ್ಲಿ ಮೆತ್ತಿಕೊಂಡ ಕೆಂಪು ರಾಡಿ, ಹೊರಗೆ ಬಿಸಿಲು ಬಿದ್ದ ಮೇಲೂ ಒಳಗೆ ಹಸಿಯಾಗಿಯೇ ಇರುತ್ತದೆ. ಗೋವೆಯಿಂದ ಮೀನು ತರುವ ಗಾಡಿಗಳದು ಇನ್ನೂ ಕಷ್ಟ. ಕರಗಿದ ಮಂಜುಗಡ್ಡೆಯ ಜೊತೆ ಉಪ್ಪುನೀರು ತೊಟ್ಟಿಕ್ಕಿ, ಜಂಗ ಎರಡು ಪಟ್ಟು ಅವಸರದಲ್ಲಿ ಕಬ್ಬಿಣ ತಿನ್ನುತ್ತದೆ.

ಜಂಗ ಹಿಡಿದ ಕಬ್ಬಿಣ ಉಬ್ಬುತ್ತದೆ. ಮೂಲ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಅದಕ್ಕೆ ಬೇಕು. ನಟ್ಟಿಗೂ ಬೋಲ್ಟಿಗೂ ನಡುವೆ ಇರುವುದೇ ಕೂದಲೆಳೆಯಷ್ಟು ಸಂದಿ. ಅಲ್ಲಿ ಉಬ್ಬಿದ ಜಂಗ ಬೆಣೆ ಬಡಿದಂತೆ ಕೂತುಬಿಡುತ್ತದೆ. ಆದರೆ ಶಾಕಪ್ಪಿನಲ್ಲಿ ನಿಜವಾದ ಹಟಮಾರಿ ನಟ್ ಅಲ್ಲ. ಶಾಕಪ್ಪಿನ ಕಣ್ಣಿನೊಳಗೆ ರಬ್ಬರ್ ಬುಷ್, ಆ ಬುಷ್ಷಿನ ನಡುವೆ ಉಕ್ಕಿನ ಸಣ್ಣ ಕೊಳವೆ, ಅದರೊಳಗೆ ಬೋಲ್ಟಿನ ಉದ್ದನೆಯ ಮೈ. ನೀರು ಇಳಿದು ಕೊಳವೆಯೂ ಬೋಲ್ಟೂ ಒಂದಾಗಿರುತ್ತವೆ. ನಟ್ ಸರಾಗ ಬಿಚ್ಚಿಕೊಂಡರೂ ಬೋಲ್ಟು ಹೊರಗೆ ಬರುವುದಿಲ್ಲ. ತಿರುಗಿಸಿದರೆ ರಬ್ಬರಿನ ಸಮೇತ ನುಲಿದು ಮತ್ತೆ ಹಿಂದಕ್ಕೆ ಬರುತ್ತದೆ. ಆ ಹಿಂದೆ ಬರುವ ಸ್ಪರ್ಶವನ್ನು ಕೈಯಲ್ಲಿ ಗುರುತಿಸಬಲ್ಲವನೇ ಉಸ್ತಾದ. ಗುರುತಿಸದ ಹುಡುಗ ಪಾನಾದ ತುದಿಗೆ ಪೈಪು ಸಿಕ್ಕಿಸಿ ಜೋತುಬೀಳುತ್ತಾನೆ, ಬೋಲ್ಟಿನ ತಲೆ ಮುರಿಯುತ್ತದೆ.

ನಾನು ನೋಡಿದ ಉಸ್ತಾದರು ಮೊದಲು ಮಾಡಿದ್ದು ಭಾರ ಇಳಿಸುವ ಕೆಲಸ. ಗಾಡಿಯ ಮೈ ಸ್ಟ್ಯಾಂಡಿನ ಮೇಲೆ ಭದ್ರವಾಗಿತ್ತು. ಇನ್ನೊಂದು ಜಾಕನ್ನು ಆಕ್ಸಲ್ಲಿನ ಕೆಳಗಿಟ್ಟು ಒಂದಿಷ್ಟೇ ಮೇಲೆತ್ತಿದರು. ಜೋತುಬಿದ್ದ ಆಕ್ಸಲ್ಲಿನ ಭಾರವೆಲ್ಲ ಆ ಬೋಲ್ಟಿನ ಮೇಲೇ ಇರುತ್ತದೆ. ಆ ಭಾರ ಹೊತ್ತ ಬೋಲ್ಟನ್ನು ಯಾವ ಸುತ್ತಿಗೆಯೂ ಸರಿಸಲಾರದು. ಜಾಕಿಲ್ಲದೆ ಅದು ಬಿಚ್ಚಿಕೊಂಡರೆ ಆಕ್ಸಲ್ ಧೊಪ್ಪನೆ ಕೆಳಗೆ ಬೀಳುತ್ತದೆ, ಅಡಿಯಲ್ಲಿ ಕೈ ಇದ್ದರೆ ಕೈ ಹೋಗುತ್ತದೆ.

ಬಳಿಕ ಎಣ್ಣೆ. ಡೀಸೆಲ್, ಚಿಮಣಿ ಎಣ್ಣೆ, ಈಗೀಗ ಡಬ್ಬಿಯ ಸ್ಪ್ರೇ. ಹೆಸರುವಾಸಿಯಾದ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ. ಲೋಹದ ಮೇಲಿನ ನೀರನ್ನು ಓಡಿಸಲು ಮಾಡಿದ ನಲವತ್ತನೆಯ ಪ್ರಯತ್ನ ಫಲಿಸಿತೆಂದು ಆ ಹೆಸರು. ಯಾವುದನ್ನೇ ಹಾಕಲಿ, ಕೆಲಸ ಮಾಡುವುದು ಸಮಯ. ಗಾಡಿ ಬಿಟ್ಟುಹೋಗಿ, ನಾಳೆ ಬನ್ನಿ ಎಂದು ಮಿಸ್ತ್ರಿ ಹೇಳಿದರೆ ಬೇಸರ ಪಡಬಾರದು. ಎಣ್ಣೆ ಇಳಿಯಲು ಒಂದು ರಾತ್ರಿ ಬೇಕು. ನಡುನಡುವೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೆಟ್ಟಗೆ ಸಣ್ಣ ಪೆಟ್ಟು ಕೊಡುತ್ತಾರೆ. ಆ ನಡುಕಕ್ಕೆ ಜಂಗ ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಪಾನಾ ಹಾಕಿದ ಮೇಲೂ ಮೊದಲ ಎಳೆತ ಬಿಗಿ ಮಾಡುವ ದಿಕ್ಕಿಗೆ, ಆಮೇಲೆ ಸಡಿಲದ ಕಡೆಗೆ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಹೋಗಬೇಕು.

ಇದಕ್ಕೂ ಜಗ್ಗದಿದ್ದರೆ ಗ್ಯಾಸಿನ ಉರಿ. 12 ಮಿ.ಮೀ. ತೂತಿನ ನಟ್ಟನ್ನು 300 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೂ ತೂತು ಅಗಲವಾಗುವುದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ಮಾತ್ರ. ಅಷ್ಟಕ್ಕೇ ಜಂಗದ ಹಿಡಿತ ಸಡಿಲುತ್ತದೆ. ಆದರೆ ಎಣ್ಣೆ ಸುರಿದ ಜಾಗಕ್ಕೆ ಉರಿ ಹಿಡಿಯಬಾರದು, ರಬ್ಬರ್ ಹೊತ್ತಿಕೊಳ್ಳುತ್ತದೆ. ನೈಟ್ರೋಜನ್ ತುಂಬಿದ ಗ್ಯಾಸ್ ಶಾಕಪ್ ಕಾದರೆ ಸಿಡಿಯಬಹುದು. ನಮ್ಮ ಉಸ್ತಾದರು ಉರಿ ಬೇಡವೆಂದರು. ಹೇಗಿದ್ದರೂ ಹಳೆಯ ಶಾಕಪ್ ಗುಜರಿಗೆ ಹೋಗುವಂಥದ್ದು. ಬ್ರಾಕೆಟ್ಟಿಗೂ ಕಣ್ಣಿಗೂ ನಡುವಿನ ಸಂದಿಯಲ್ಲಿ ಗ್ರೈಂಡರ್ ತೂರಿಸಿ, ಎರಡೂ ಕಡೆ ಬೋಲ್ಟು ಕೊಯ್ದರು. ಬ್ರಾಕೆಟ್ಟಿಗೆ ಒಂದು ಗೀರೂ ಬೀಳಲಿಲ್ಲ.

ಬೋಲ್ಟು ತೂತಿನೊಳಗೇ ಮುರಿದ ಗಾಡಿಗೆ ಬೆಳಗಾವಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಖಾನಾಪುರ ರಸ್ತೆಯಲ್ಲೇ ಇದೆ ಉದ್ಯಮಬಾಗ. ಎರಕದ ಫೌಂಡ್ರಿಗಳು, ಲೇಥ್ ಮಷಿನ್ನುಗಳು, ಹೈಡ್ರಾಲಿಕ್ ವಾಲ್ವು ಸಿಲಿಂಡರುಗಳ ಕಾರ್ಖಾನೆಗಳು ಒತ್ತೊತ್ತಾಗಿ ಕೂತ ಪ್ರದೇಶ. ಮುರಿದ ಬೋಲ್ಟಿನ ಸರಿಯಾದ ನಡುವಿಗೆ ಡ್ರಿಲ್ ಹಾಕಿ, ಹೊಸದಾಗಿ ಟ್ಯಾಪ್ ಹೊಡೆಯುವ ಕೈಗಳು ಇಲ್ಲಿ ಹೇರಳ. ಬುಷ್ಷಿನ ಕೊಳವೆ ಅಂಗಡಿಯಲ್ಲಿ ಸಿಗದಿದ್ದರೆ ಲೇಥಿನವರು ಅಳತೆ ತೆಗೆದು ಕಡೆದು ಕೊಡುತ್ತಾರೆ. ಖಾನಾಪುರದ ಮಳೆ ಹಿಡಿಸಿದ ಜಂಗಕ್ಕೆ ಅದೇ ರಸ್ತೆಯ ಈ ತುದಿಯಲ್ಲಿ ಮದ್ದು ಇದೆ.

ಗ್ಯಾರೇಜಿನ ಭಾಷೆಯೂ ಈ ಊರಿನಂತೆಯೇ. ಪಾನಾ ಮರಾಠಿಯದು, ಉಸ್ತಾದ ಉರ್ದುವಿನದು, ‘ಸ್ವಲ್ಪ ತಡೀಲೇ’ ಎಂಬ ಗದರಿಕೆ ಕನ್ನಡದ್ದು. ಒಂದೇ ಬೋಲ್ಟು ಬಿಚ್ಚುವಷ್ಟರಲ್ಲಿ ಮೂರೂ ಕಿವಿಗೆ ಬೀಳುತ್ತವೆ.

ಹೊಸ ಶಾಕಪ್ ಕೂಡಿಸುವಾಗ ಉಸ್ತಾದರು ಹೊಸ ಬೋಲ್ಟಿನ ಮೈಗೆ ತೆಳುವಾಗಿ ಗ್ರೀಸು ಸವರಿದರು. ನಟ್ಟನ್ನು ಕೈಯಲ್ಲೇ ಹತ್ತಿಸಿ, ಪೂರಾ ಬಿಗಿ ಮಾಡದೆ ಬಿಟ್ಟರು. ಗಾಲಿ ಹಾಕಿ, ಜಾಕು ಇಳಿಸಿ, ಕಾರಿನ ಭಾರ ನೆಲಕ್ಕೆ ಬಿದ್ದ ಮೇಲೆ ಗೋಣಿಚೀಲ ಹಾಸಿಕೊಂಡು ಮತ್ತೆ ಕೆಳಗೆ ನುಸುಳಿದರು. ಗಾಡಿ ಮೇಲಿದ್ದಾಗಲೇ ಬಿಗಿದರೆ ರಬ್ಬರು ನುಲಿದುಕೊಂಡೇ ಉಳಿದು ಬೇಗ ಹರಿಯುತ್ತದಂತೆ. ಕಾರಿನಡಿಯಿಂದ ಒಂದು ಕೈ ಹೊರಗೆ ಚಾಚಿತು. ಹುಡುಗ ಕೇಳದೆಯೇ ಹತ್ತೊಂಬತ್ತರ ಪಾನಾ ಕೊಟ್ಟ.