ದಾರಿಯಲ್ಲಿ ಸಿಕ್ಕಿದ ಒಡವೆ

ಕಡೂರಿನಿಂದ ಸಿಂಗಟಗೆರೆಗೆ ಬರುವ ಬಸ್ಸಿನಲ್ಲಿ ನಾವು ಒಮ್ಮೆ ಕೈಚೀಲವನ್ನು ಮರೆತು ಇಳಿದೆವು. ಮಗಳ ಮದುವೆಗೆಂದು ಮಾಡಿಸಿದ ನಾಲ್ಕು ಬಂಗಾರದ ಬಳೆಗಳು ಅದರಲ್ಲಿದ್ದುವು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಗಾಗುತ್ತಲೇ ಅಪರಿಚಿತನೊಬ್ಬನು, ಚೀಲದಲ್ಲಿದ್ದ ಲಗ್ನಪತ್ರಿಕೆಯಿಂದ ವಿಳಾಸವನ್ನು ತಿಳಿದು, ಬಾಗಿಲಿಗೆ ಬಂದನು. ಹಣ ಕೊಡಹೋದರೆ, “ಮೊದಲು ಎಣಿಸಿಕೊಳ್ಳಿ, ಸ್ವಾಮಿ” ಎಂದು ಕೈಮುಗಿದನು. ಅವನ ಅಂಜಿಕೆಯನ್ನು ಕಂಡು ನಾಚಿದೆವು. ಎಣಿಸುವ ಯೋಚನೆಯು ನಮಗೂ ಬಂದಿದ್ದಿತು.

ಆ ಅಂಜಿಕೆಯು ಹಳೆಯದು. ಕಾಳಿದಾಸನ ಶಾಕುಂತಲದಲ್ಲಿ ಮೀನಿನ ಹೊಟ್ಟೆಯೊಳಗೆ ಉಂಗುರವನ್ನು ಕಂಡ ಬೆಸ್ತನಿಗೆ ಮೊದಲು ದೊರೆತುದು ಕಟ್ಟು, ಪೆಟ್ಟು, ಬಹುಮಾನವು ಆಮೇಲೆ. (ಅವನು ಅದನ್ನು ಮಾರಹೊರಟಿದ್ದನೆಂಬುದೂ ನಿಜವೇ.) ಒಡೆಯನು ಕಾಣದ ವಸ್ತುವನ್ನು ರಾಜನು 3 ವರ್ಷ ಕಾದಿಡಬೇಕೆಂದೂ, ತನ್ನದೆಂದು ಬಂದವನು ಅದರ ರೂಪವನ್ನೂ ಸಂಖ್ಯೆಯನ್ನೂ ಹೇಳಬೇಕೆಂದೂ ಮನುಸ್ಮೃತಿಯು ವಿಧಿಸುತ್ತದೆ. ಇಂದಿಗೂ ಜಾರಿಯಲ್ಲಿರುವ 1872ರ ಕರಾರು ಕಾಯಿದೆಯ 71ನೆಯ ಕಲಮಿನಂತೆ, ಸಿಕ್ಕಿದುದನ್ನು ಕೈಗೆತ್ತಿಕೊಂಡವನು ಒಪ್ಪಿಸಿದ ಸೊತ್ತಿನಂತೆಯೇ ಅದನ್ನು ಕಾಪಾಡತಕ್ಕವನು. ಒಡೆಯನನ್ನು ಹುಡುಕಿದ ಶ್ರಮಕ್ಕಾಗಿ ದಾವೆ ಹೂಡಲಾರನು. ಆದರೆ 168ನೆಯ ಕಲಮಿನಂತೆ ಪರಿಹಾರವು ಸಲ್ಲುವವರೆಗೆ ವಸ್ತುವನ್ನು ತಡೆದಿಟ್ಟುಕೊಳ್ಳಬಹುದು.

ನಮ್ಮ ಅತಿಥಿಯು ಬಸ್ಸಿನ ಖರ್ಚನ್ನೂ ಕೇಳಲಿಲ್ಲ. ಅವನು ಬಯಸಿದಂತೆ, ಅವನೆದುರಿಗೇ ಚೀಲವನ್ನು ಬಿಚ್ಚಿ ಎಣಿಸಿದೆವು. ನಾಲ್ಕೂ ಇದ್ದುವು. ಆಮೇಲೆ ಅವನು ನಮ್ಮೊಡನೆ ಊಟಕ್ಕೆ ಕುಳಿತನು.