ಬೇಳೆ ಬೇಯದ ರಾತ್ರಿ

ರಾತ್ರಿ ಒಂಬತ್ತಕ್ಕೆ ಫೋನು ಬಂತು. ‘ಅಮ್ಮಾ, ನಾಲ್ಕು ವಿಷಲ್ ಕೂಗಿಸಿದೀನಿ, ಬೇಳೆ ಇನ್ನೂ ಕಾಳು ಕಾಳಾಗೇ ಇದೆ. ಬ್ರೆಡ್ ತಿಂದು ಮಲಗ್ತೀನಿ ಬಿಡು.’

ಇಂಜಿನಿಯರಿಂಗ್ ಓದಲು ಮೈಸೂರಿಗೆ ಹೋಗಿ, ಇಬ್ಬರು ಗೆಳೆಯರೊಡನೆ ರೂಮು ಮಾಡಿಕೊಂಡಿರುವ ಮಗನ ದನಿ. ಆ ವಾರ ಅದು ಮೂರನೆಯ ಬ್ರೆಡ್ಡಿನ ರಾತ್ರಿ. ಬೆಳಗಾದರೆ ಪರೀಕ್ಷೆ.

‘ಹುಣಸೆಹಣ್ಣು ಯಾವಾಗ ಹಾಕಿದೆಯೋ?’

‘ಎಲ್ಲಾ ಒಟ್ಟಿಗೇ ಹಾಕ್ಬಿಟ್ಟೆ, ಬೇಗ ಆಗ್ಲಿ ಅಂತ.’

ತಪ್ಪು ಅವನದಲ್ಲ. ‘ನೀನು ಹೋಗಿ ಓದಿಕೋ’ ಎಂದು ಹದಿನೆಂಟು ವರ್ಷ ಅಡುಗೆಮನೆಯಿಂದ ಆಚೆ ಕಳಿಸಿದವಳು ನಾನೇ. ಹುಳಿಯ ಅಂಶ ಸೇರಿದರೆ ಬೇಳೆಯ ಜೀವಕೋಶಗಳ ಗೋಡೆ ಸುಲಭವಾಗಿ ಸಡಿಲವಾಗದು. ಹುಣಸೆಯಾಗಲಿ, ಟೊಮೆಟೊ ಆಗಲಿ, ಬೇಳೆ ಬೆಂದ ಮೇಲೆಯೇ ಸೇರಬೇಕು. ‘ಅದನ್ನು ಬದಿಗಿಟ್ಟು, ಇನ್ನೊಂದು ಹಿಡಿ ಬೇಳೆ ಬರೀ ನೀರಲ್ಲಿ ಬೇಯಿಸು’ ಎಂದೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನು: ‘ಅಮ್ಮಾ, ಬೆಂತು!’

ಮನೆ ಬಿಟ್ಟು ಓದಲು ಹೊರಡುವ ಮಕ್ಕಳಿಗೆ ನಾನು ಮೊದಲೇ ಹೇಳಿಕೊಡಬೇಕಿದ್ದ ಸಂಗತಿಗಳು ಇಷ್ಟು.

ಕುಕ್ಕರಿನ ಗುಟ್ಟು

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಕುಕ್ಕರಿನ ಒತ್ತಡದಲ್ಲಿ ಅದು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಅಡುಗೆ ಬೇಗ ಆಗುವುದು ಇದರಿಂದಲೇ, ಅಪಾಯ ಇರುವುದೂ ಇದರಲ್ಲೇ. ಬೇಳೆ ನೊರೆಯುಕ್ಕುವ ಪದಾರ್ಥ. ಆದ್ದರಿಂದ ನೀರೂ ಸೇರಿ ಕುಕ್ಕರಿನ ಅರ್ಧ ದಾಟಬಾರದು. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಮುಚ್ಚುವ ಮುನ್ನ ಮುಚ್ಚಳವನ್ನು ಬೆಳಕಿಗೆ ಹಿಡಿದು, ಆವಿ ಹೋಗುವ ರಂಧ್ರ ಕಟ್ಟಿಕೊಂಡಿಲ್ಲವೆಂದು ನೋಡಿಕೊಳ್ಳಿ. ಒತ್ತಡ ಪೂರ್ತಿ ಇಳಿಯುವ ಮೊದಲು ಮುಚ್ಚಳ ಎಳೆಯಲೇಬೇಡಿ.

ಹಿಂದಿನ ರಾತ್ರಿಯ ಐದು ನಿಮಿಷ

ಕಡಲೆಕಾಳು, ಬಟಾಣಿ, ರಾಜ್ಮಾ ಮಲಗುವ ಮುಂಚೆ ನೆನೆಹಾಕಿದರೆ ಬೆಳಿಗ್ಗೆ ಗ್ಯಾಸೂ ಉಳಿತಾಯ, ಹೊತ್ತೂ ಉಳಿತಾಯ. ರಾಜ್ಮಾ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಬೇಯಿಸಬೇಕು. ಅರೆಬೆಂದ ರಾಜ್ಮಾ ವಾಂತಿ-ಭೇದಿ ತರುತ್ತದೆ. ನೆನೆದ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆಯೊಡೆದು ಕೋಸಂಬರಿಗೆ ಸಿದ್ಧ.

ಕಣ್ಣೀರು, ಮೊಸರು

ಈರುಳ್ಳಿ ಹೆಚ್ಚಿದಾಗ ಅದರ ಕೋಶ ಒಡೆದು, ಗಂಧಕದ ಅಂಶವಿರುವ ಅನಿಲ ಹೊರಟು ಕಣ್ಣು ಉರಿಸುತ್ತದೆ. ಸಿಪ್ಪೆ ತೆಗೆದು ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು, ಹರಿತವಾದ ಚಾಕುವಿನಿಂದ ಹೆಚ್ಚಿದರೆ ಉರಿ ಕಡಿಮೆ. ಮೊಂಡು ಚಾಕು ಕಣ್ಣಿಗೂ ಕಷ್ಟ, ಬೆರಳಿಗೂ ಅಪಾಯ.

ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ, ತಣ್ಣಗಾಗಿದ್ದರೆ ನಿದ್ದೆ ಹೋಗುತ್ತವೆ. ಬೆರಳು ಅದ್ದಿದರೆ ಹಿತವಾಗುವ ಬಿಸಿಯೇ ಸರಿಯಾದ ಹದ. ಬುತ್ತಿಗೆ ಮೊಸರನ್ನ ಕಲಸುವಾಗ ಹಾಲು ಹೆಚ್ಚು ಹಾಕಿ, ಮೊಸರು ಒಂದೇ ಚಮಚ ಸಾಕು. ಮಧ್ಯಾಹ್ನಕ್ಕೆ ಹುಳಿಯಾಗದು.

ಮಿಕ್ಕ ಅನ್ನ

ರಾತ್ರಿಯ ಅನ್ನವನ್ನು ಹಾಗೇ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು ರೂಮಿನ ಹುಡುಗರ ರೂಢಿ. ಆದರೆ ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಜೀವಿಗಳು ಅನ್ನದಲ್ಲಿ ಉಳಿದಿರುತ್ತವೆ. ಹೊರಗಿಟ್ಟ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ, ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ ಇದ್ದರೆ ಬೇಗನೆ ಆರಿಸಿ ಒಳಗಿಡಿ. ಇಲ್ಲವಾದರೆ ಅಳತೆ ಮಾಡಿ ಅನ್ನ ಇಡುವುದೇ ಜಾಣತನ.

ಕೊನೆಯದಾಗಿ, ಗ್ಯಾಸಿನ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನು ಮಾಡಿ.

ತಂದೆತಾಯಂದಿರಲ್ಲಿ ಒಂದು ಮಾತು. ಮಗನಾಗಲಿ ಮಗಳಾಗಲಿ, ಹಾಸಿಗೆ, ಬಕೆಟ್ಟು ಕೊಡಿಸಿ ಕಳಿಸುವ ಮುನ್ನ ಒಂದು ವಾರ ಒಲೆಯ ಮುಂದೆ ನಿಲ್ಲಿಸಿಕೊಳ್ಳಿ. ಹೋದ ದೀಪಾವಳಿ ರಜಕ್ಕೆ ಬಂದಾಗ ನನ್ನ ಮಗ ಸಾರು ಮಾಡಿದ. ಉಪ್ಪು ತುಸು ಮುಂದಾಗಿತ್ತು. ನಮ್ಮ ಯಜಮಾನರು ಎರಡು ಸಲ ಬಡಿಸಿಕೊಂಡರು.