ಕಡಲಷ್ಟು ಗಡಿ, ಬೆರಳೆಣಿಕೆಯ ಪೊಲೀಸರು

2020ರ ಡಿಸೆಂಬರ್. ಮಾರ್ಷಲ್ ದ್ವೀಪಗಳ ಐಲುಕ್ ಎಂಬ ಹವಳ ದ್ವೀಪಕ್ಕೆ ಫೈಬರ್‌ಗ್ಲಾಸ್ ದೋಣಿಯೊಂದು ತೇಲಿಬಂತು. ಒಳಗೆ ಯಾರೂ ಇರಲಿಲ್ಲ. ಊರವರು ದಡಕ್ಕೆ ಎಳೆಯಲು ನೋಡಿದರೆ ಅದು ಅಲುಗಲೊಲ್ಲದು. ಇಷ್ಟು ಭಾರ ಏನಿರಬಹುದೆಂದು ತಳ ತೆರೆದಾಗ ಸಿಕ್ಕಿದ್ದು 649 ಕಿಲೋ ಕೊಕೇನ್! ಅಮೆರಿಕ ಖಂಡದ ತೀರದಿಂದ ತಿಂಗಳುಗಟ್ಟಲೆ, ಬಹುಶಃ ವರ್ಷಗಟ್ಟಲೆ ತೇಲಿ ಬಂದದ್ದೆಂದು ಅಧಿಕಾರಿಗಳ ಅಂದಾಜು. ಪೊಲೀಸರು ಅಮೆರಿಕದ ತನಿಖೆಗೆಂದು ಎರಡು ಪೊಟ್ಟಣ ತೆಗೆದಿಟ್ಟು ಉಳಿದದ್ದನ್ನು ಸುಟ್ಟುಹಾಕಿದರು.

ಪೆಸಿಫಿಕ್ ದಾಟುವ ಈ ಸರಕಿನ ದೊಡ್ಡ ಗಿರಾಕಿಗಳಿರುವುದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ. ದ್ವೀಪಗಳು ದಾರಿಯಲ್ಲಿ ಸಿಗುವ ತಂಗುದಾಣ ಮಾತ್ರ. ಕಿರಿಬಾಸ್ ದೇಶದ ನೆಲ 811 ಚದರ ಕಿ.ಮೀ., ಅದರ ಪಾಲಿನ ಕಡಲು ಸುಮಾರು 35 ಲಕ್ಷ ಚದರ ಕಿ.ಮೀ., ಅಂದರೆ ಇಡೀ ಭಾರತಕ್ಕಿಂತ ದೊಡ್ಡದು. ಇಷ್ಟು ನೀರನ್ನು ಒಂದು ಪುಟ್ಟ ಪೊಲೀಸ್ ಪಡೆ ಕಾಯುವುದಾದರೂ ಹೇಗೆ?

ಅದಕ್ಕೇ 2002ರಲ್ಲಿ ಪೆಸಿಫಿಕ್ ದೇಶಗಳ ಗಡಿಯಾಚೆಗಿನ ಅಪರಾಧ ತಡೆ ಜಾಲ ಹುಟ್ಟಿತು. ಒಂದೊಂದು ದೇಶದ ಘಟಕ ಕಲೆಹಾಕಿದ ಸುಳಿವುಗಳು ಸಮೋವಾದ ಅಪಿಯಾದಲ್ಲಿರುವ ಸಮನ್ವಯ ಕೇಂದ್ರದಲ್ಲಿ ಒಂದಾಗುತ್ತವೆ. ಕಡಲಿನಲ್ಲಿ ಇನ್ನೊಂದು ಏರ್ಪಾಡಿದೆ: ದ್ವೀಪದ ಅಧಿಕಾರಿಯೊಬ್ಬರು ಅಮೆರಿಕದ ಕರಾವಳಿ ಪಡೆಯ ಹಡಗು ಏರುತ್ತಾರೆ. ಹಡಗು ಪರದೇಶದ್ದು, ಆದರೆ ತಮ್ಮ ದೇಶದ ಕಡಲಿನಲ್ಲಿ ಅನುಮಾನದ ದೋಣಿಯನ್ನು ತಡೆದು ಶೋಧಿಸುವ ಅಧಿಕಾರ ಆ ದ್ವೀಪದ ಅಧಿಕಾರಿಯದು. ಹಡಗಿಲ್ಲದ ದೇಶಕ್ಕೆ ಇದಕ್ಕಿಂತ ಜಾಣ ದಾರಿ ನನಗೆ ಕಾಣುವುದಿಲ್ಲ.

ಆದರೂ 2024ರ ಜನವರಿಯಲ್ಲಿ ಫಿಜಿಯ ನಾಂಡಿಯಲ್ಲಿ ನಾಲ್ಕು ಟನ್‌ಗೂ ಹೆಚ್ಚು ಮೆಥ್ ಎಂಬ ಮಾದಕ ವಸ್ತು ಸಿಕ್ಕಿತು. ಒಂಬತ್ತು ಲಕ್ಷ ಚಿಲ್ಲರೆ ಜನರ ದೇಶದಲ್ಲಿ ನಾಲ್ಕು ಟನ್! ದಾರಿಯಲ್ಲಿ ನೆರವಾದವರಿಗೆ ದಂಧೆಕೋರರು ಹಣದ ಬದಲು ಸರಕನ್ನೇ ಕೊಡುವುದುಂಟು. ಅದು ಊರಲ್ಲೇ ಮಾರಾಟವಾಗುತ್ತದೆ, ಹುಡುಗರ ಕೈಗೆ ಸಿರಿಂಜ್ ಬರುತ್ತದೆ. 2025ರ ಜನವರಿಯಲ್ಲಿ ಫಿಜಿ ಸರ್ಕಾರ ಎಚ್‌ಐವಿ ಸೋಂಕು ಸ್ಫೋಟಗೊಂಡಿದೆ ಎಂದು ಘೋಷಿಸಬೇಕಾಯಿತು. ಹಂಚಿಕೊಂಡ ಸೂಜಿಗಳು ಅದಕ್ಕೊಂದು ಮುಖ್ಯ ಕಾರಣ.

2024ರ ಆಗಸ್ಟ್‌ನಲ್ಲಿ ಟೊಂಗಾದಲ್ಲಿ ಸೇರಿದ್ದ ಪೆಸಿಫಿಕ್ ನಾಯಕರು ಹೊಸ ಪೊಲೀಸ್ ಯೋಜನೆಯೊಂದನ್ನು ಒಪ್ಪಿದರು. ಐದು ವರ್ಷಕ್ಕೆ ಸುಮಾರು 40 ಕೋಟಿ ಆಸ್ಟ್ರೇಲಿಯನ್ ಡಾಲರ್, ಬ್ರಿಸ್ಬೇನ್‌ನಲ್ಲಿ ತರಬೇತಿ ಕೇಂದ್ರ, ಕರೆದಾಗ ಓಡಿಬರುವ ಜಂಟಿ ತಂಡ. ಆಸ್ಟ್ರೇಲಿಯಾ ಕೊಡುವ ಈ ಹಣದ ಹಿಂದೆ ಚೀನಾದ ಪ್ರಭಾವವನ್ನು ತಡೆಯುವ ಲೆಕ್ಕಾಚಾರವೂ ಇದೆಯೆಂಬ ಮಾತಿದೆ, ಅದು ಸುಳ್ಳಲ್ಲ. ನನ್ನ ಚಿಂತೆ ಬೇರೆ. ಸಿಡ್ನಿಗೆ ಹೋಗುವ ಸರಕು ನಿಂತರೆ ಸಾಲದು. ಫಿಜಿಯ ರಾಜಧಾನಿ ಸುವಾದ ಗಲ್ಲಿಯಲ್ಲಿ ಉಳಿದುಹೋದ ಸರಕನ್ನು ಹಿಡಿಯುವ ಪೊಲೀಸರಿಗೂ, ಚಟಕ್ಕೆ ಬಿದ್ದ ಹುಡುಗರ ಚಿಕಿತ್ಸೆಗೂ ಈ ದುಡ್ಡಿನ ಪಾಲು ಸಿಗಬೇಕು. ಗಿರಾಕಿ ದೇಶಗಳು ಅಷ್ಟನ್ನು ದ್ವೀಪದವರಿಗೆ ಕೊಡಬೇಕಾದ ಬಾಕಿ ಎಂದೇ ತಿಳಿಯಬೇಕು.